ಕರು ಹಾಕಿದ ಹಸು ಕುಸಿದರೆ ಅದು ಅಂಟು ರೋಗವೇ?

ಪ್ರಶ್ನೆ: ನಾವು ಮದ್ದೂರು ಕಡೆಯವರು. ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಕ್ರಾಸ್ ಹಸು, ಒಂದಷ್ಟು ಕುರಿ ಸಾಕಿದ್ದೇವೆ. ದೊಡ್ಡ ಹಸು ನಾಲ್ಕನೇ ಸೂಲಿನದು. ಕರು ಹಾಕಿದ ಮಾರನೇ ಬೆಳಿಗ್ಗೆ ಎದ್ದೇಳಲಿಲ್ಲ. ಕುತ್ತಿಗೆ ಪಕ್ಕಕ್ಕೆ ತಿರುಗಿಸಿಕೊಂಡು ಮಲಗಿತ್ತು, ಕಿವಿ ತಣ್ಣಗಿತ್ತು. ಡಾಕ್ಟರು ಬಂದು ನರಕ್ಕೆ ಕ್ಯಾಲ್ಸಿಯಂ ಬಾಟಲಿ ಹಾಕಿದರು, ಎದ್ದಿತು. ರಾತ್ರಿ ಮತ್ತೆ ಬಿತ್ತು, ಇನ್ನೊಂದು ಬಾಟಲಿ ಹಾಕಿಸಿದೆವು. ಈಗ ಎರಡು ವಾರ ಆಗಿದೆ. ಹಿಂಡಿ, ಬೂಸಾ ಮೂಸಿ ನೋಡಿ ಬಿಡುತ್ತದೆ, ಬರೀ ಹುಲ್ಲು ತಿನ್ನುತ್ತದೆ. ಹಾಲು ಅರ್ಧಕ್ಕೆ ಇಳಿದಿದೆ. ಇದೇ ಹೊತ್ತಿಗೆ ಪಕ್ಕದ ಮನೆಯ ಹಸುವೊಂದು ಕರು ಹಾಕಿ ವಾರದಲ್ಲಿ ಜೋರು ಜ್ವರ ಬಂದು, ಭುಜದ ಮುಂದೆ ಗೆಡ್ಡೆ ಊದಿಕೊಂಡು ಸತ್ತುಹೋಯಿತು. ನಮ್ಮ ಹಸುವಿಗೂ ಅದೇ ಅಂಟಿದೆ, ಬೇರೆ ಕಟ್ಟಿ ಎನ್ನುತ್ತಾರೆ. ನಮ್ಮ ಇನ್ನೊಂದು ಹಸು ಮುಂದಿನ ತಿಂಗಳು ಕರು ಹಾಕಬೇಕು. ಅದಕ್ಕೆ ಈಗಿನಿಂದಲೇ ಕ್ಯಾಲ್ಸಿಯಂ ಕುಡಿಸಲೇ? ನಮ್ಮ ಮಾವನವರು ಹಿಂದೆ ಹೀಗಾದಾಗ ಕೆಚ್ಚಲಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆಯುತ್ತಿದ್ದರಂತೆ. ಅದು ನಿಜವಾ? ಈ ಹಸುವಿನ ಹಾಲು ಕುಡಿಯಬಹುದಾ?

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನಿಮ್ಮ ಹಸುವಿಗೆ ಬಂದಿದ್ದು ಅಂಟು ರೋಗ ಅಲ್ಲ. ಅದನ್ನು ಬೇರೆ ಕಟ್ಟುವ ಅಗತ್ಯವೇ ಇಲ್ಲ. ಪಕ್ಕದ ಮನೆಯ ಹಸು ಸತ್ತಿದ್ದು ಬೇರೆ ಕಾಯಿಲೆಯಿಂದ, ಮತ್ತು ನೀವು ಬರೆದ ಲಕ್ಷಣ ನೋಡಿದರೆ ಅದು ನಿಮ್ಮ ಕೊಟ್ಟಿಗೆಗೂ ಬರಬಹುದಾದ ಕಾಯಿಲೆ. ಎರಡನ್ನೂ ಬೆರೆಸಿಬಿಟ್ಟರೆ ಭಯಪಡಬೇಕಾದ ಕಡೆ ಸುಮ್ನೆ ಇರುತ್ತೇವೆ, ಸುಮ್ನೆ ಇರಬೇಕಾದ ಕಡೆ ಭಯಪಡುತ್ತೇವೆ. ಅದಕ್ಕೇ ಒಂದೊಂದಾಗಿ ಹೇಳುತ್ತೇನೆ.

ಮೊದಲ ದಿನ ಬಂದಿದ್ದು ಹಾಲು ಜ್ವರ. ಹೆಸರಲ್ಲಿ ಜ್ವರ ಇದ್ದರೂ ಮೈ ತಣ್ಣಗಿರುತ್ತದೆ. ಹಸುವಿನ ಮೈಶಾಖ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಹಾಲು ಜ್ವರದಲ್ಲಿ ಅದು 100ಕ್ಕಿಂತ ಕೆಳಗೆ, 97ರವರೆಗೂ ಇಳಿಯುವುದುಂಟು. ಮೂಗು ಒಣಗುತ್ತದೆ, ಸಗಣಿ ಕಟ್ಟುತ್ತದೆ, ಮೆಲುಕು ನಿಲ್ಲುತ್ತದೆ. ಕಾರಣ ಸೋಂಕಲ್ಲ, ಲೆಕ್ಕ ತಪ್ಪಿದ್ದು. ಒಂದು ಲೀಟರ್ ಗಿಣ್ಣು ಹಾಲಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹಸುವಿನ ಇಡೀ ರಕ್ತದಲ್ಲಿ ಯಾವುದೇ ಹೊತ್ತಿನಲ್ಲಿ ಓಡಾಡುತ್ತಿರುವುದು ಹೆಚ್ಚುಕಡಿಮೆ 3 ಗ್ರಾಂ ಮಾತ್ರ. ಈಗ ನೀವೇ ಗುಣಿಸಿ: ಕರು ಹಾಕಿದ ದಿನ ಹತ್ತು ಲೀಟರ್ ಗಿಣ್ಣು ಕರೆದರೆ 20 ಗ್ರಾಂ ಹೊರಗೆ ಹೋಯಿತು. ಮೂಳೆಯಲ್ಲಿ ಕೆಜಿಗಟ್ಟಲೆ ಕ್ಯಾಲ್ಸಿಯಂ ಕೂತಿದೆ, ಆದರೆ ಅದು ಬ್ಯಾಂಕಿನಲ್ಲಿರುವ ದುಡ್ಡಿನ ಹಾಗೆ, ಬೇಕಾದ ದಿನವೇ ಎಟಿಎಂ ಬಂದ್. ಮೂಳೆಯಿಂದ ತೆಗೆಯುವುದಕ್ಕೆ, ಕರುಳಿನಿಂದ ಜಾಸ್ತಿ ಹೀರಿಕೊಳ್ಳುವುದಕ್ಕೆ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮತ್ತು ವಿಟಮಿನ್ ಡಿ ಎರಡೂ ಕೆಲಸ ಶುರು ಮಾಡಬೇಕು, ಅದಕ್ಕೆ ಒಂದೆರಡು ದಿನ ಹಿಡಿಯುತ್ತದೆ. ಚೊಚ್ಚಲ ಹಸುವಿನ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಹಾಗಾಗಿ ಅದು ಹೇಗೋ ಸುಧಾರಿಸಿಕೊಳ್ಳುತ್ತದೆ. ಮೂರನೇ, ನಾಲ್ಕನೇ ಸೂಲಿನ ಜಾಸ್ತಿ ಹಾಲಿನ ಹಸುವಿಗೆ ಹಾಗೆ ಸುಧಾರಿಸಿಕೊಳ್ಳಲು ಆಗುವುದಿಲ್ಲ. ಜರ್ಸಿಗಳಲ್ಲಂತೂ ಹಾಲು ಜ್ವರ ಇನ್ನೂ ಹೆಚ್ಚು.

ಇಲ್ಲಿ ಒಂದು ಮಾತು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಡೆ ಹಸು ಕರು ಹಾಕಿತು ಅಂದರೆ ಬೀದಿಗೆಲ್ಲ ಗಿಣ್ಣು ಹಂಚುವುದು ಸಂಭ್ರಮ. ಅದಕ್ಕಾಗಿ ಮೊದಲ ದಿನವೇ ಕೆಚ್ಚಲು ಬರಿದಾಗುವ ತನಕ ಹಿಂಡುತ್ತಾರೆ. ಹಾಲು ಜ್ವರ ಬರುವ ಹಸುವಿಗೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಕರುವಿಗೆ ಮೊದಲ ಒಂದೆರಡು ಗಂಟೆಯೊಳಗೆ ಎರಡು, ಮೂರು ಲೀಟರ್ ಗಿಣ್ಣು ಹಾಲು ಹೊಟ್ಟೆಗೆ ಹೋಗಲೇಬೇಕು, ಅದರಲ್ಲಿ ರಾಜಿ ಇಲ್ಲ. ಅದಾದ ಮೇಲೆ ಮೊದಲ ದಿನ ಕೆಚ್ಚಲಿನ ಬಿಗಿ ಇಳಿಯುವಷ್ಟು ಮಾತ್ರ ಕರೆಯಿರಿ, ಉಳಿದದ್ದು ಕೆಚ್ಚಲಲ್ಲೇ ಇರಲಿ. ನೆಂಟರಿಗೆ ಎರಡನೇ ದಿನದ ಗಿಣ್ಣು ಕೊಟ್ಟರೂ ನಡೆಯುತ್ತದೆ.

ನಿಮ್ಮ ಮಾವನವರ ಸೈಕಲ್ ಪಂಪಿನ ಮಾತು ಸುಳ್ಳಲ್ಲ. 1897ರಲ್ಲಿ ಡೆನ್ಮಾರ್ಕಿನ ಕೋಲ್ಡಿಂಗ್ ಎಂಬ ಊರಿನ ಪಶುವೈದ್ಯ ಸ್ಮಿಟ್, ಈ ಕಾಯಿಲೆ ಕೆಚ್ಚಲಲ್ಲಿ ಹುಟ್ಟುವ ಯಾವುದೋ ವಿಷದಿಂದ ಬರುತ್ತದೆ ಅಂದುಕೊಂಡು ಕೆಚ್ಚಲಿಗೆ ಪೊಟ್ಯಾಸಿಯಂ ಅಯೋಡೈಡ್ ದ್ರಾವಣ ತುಂಬಿದ. ಹಸುಗಳು ಎದ್ದು ನಿಂತವು! ಆಮೇಲೆ ಔಷಧವೇ ಬೇಡ, ಬರೀ ಗಾಳಿ ತುಂಬಿದರೂ ಏಳುತ್ತವೆ ಎಂದು ಗೊತ್ತಾಯಿತು. ಗಾಳಿಯ ಒತ್ತಡಕ್ಕೆ ಹಾಲು ಇಳಿಯುವುದು ನಿಲ್ಲುತ್ತದೆ, ಕ್ಯಾಲ್ಸಿಯಂ ರಕ್ತದಲ್ಲೇ ಉಳಿಯುತ್ತದೆ, ಅಷ್ಟೇ ವಿಷಯ. ನಿಜವಾದ ಕಾರಣ ಕ್ಯಾಲ್ಸಿಯಂ ಎಂದು ತಿಳಿದದ್ದು 1925ರ ಸುಮಾರಿಗೆ. ಅಂದರೆ ಅಂದುಕೊಂಡ ಕಾರಣ ತಪ್ಪಾದರೂ ಚಿಕಿತ್ಸೆ ಕೆಲಸ ಮಾಡಿತ್ತು. ಆದರೆ ಈಗ ದಯವಿಟ್ಟು ಮಾಡಬೇಡಿ. ಪಂಪಿನ ಕೊಳೆಯೆಲ್ಲ ಮೊಲೆ ತೊಟ್ಟಿನೊಳಗೆ ಹೋಗಿ ಕೆಚ್ಚಲು ಬಾವು ಬಂದರೆ ಹಸು ಉಳಿದರೂ ಕೆಚ್ಚಲು ಉಳಿಯುವುದಿಲ್ಲ.

ಒಂದು ಬಾಟಲಿಗೆ ಎದ್ದ ಹಸು ಮತ್ತೆ ಬೀಳುವುದು ಹೊಸತಲ್ಲ. ಎದ್ದ ನಾಲ್ಕರಲ್ಲಿ ಒಂದಾದರೂ ಹಸು ಒಂದೆರಡು ದಿನದೊಳಗೆ ಮತ್ತೆ ಕುಸಿಯುತ್ತದೆ. ಹಾಗೆಂದು ಮನೆಯಲ್ಲೇ ಬಾಟಲಿ ಇಟ್ಟುಕೊಂಡು ನರಕ್ಕೆ ಹಾಕುವ ಧೈರ್ಯ ಮಾಡಬೇಡಿ. ಕ್ಯಾಲ್ಸಿಯಂ ವೇಗವಾಗಿ ಹೋದರೆ ಹೃದಯ ನಿಲ್ಲುತ್ತದೆ. ಡಾಕ್ಟರು ಹತ್ತು ಹದಿನೈದು ನಿಮಿಷ ನಿಧಾನವಾಗಿ ಬಿಡುತ್ತಾ ಎದೆ ಬಡಿತ ಕೇಳುತ್ತಿರುವುದು ಅದಕ್ಕೇ. ಅವರು ಬರುವ ತನಕ ನೀವು ಮಾಡಬೇಕಾದದ್ದು ಬೇರೆ ಇದೆ: ಹಸು ಪೂರ್ತಿ ಪಕ್ಕಕ್ಕೆ ಒರಗಿದ್ದರೆ ಎದೆಯ ಮೇಲೆ ಕೂರುವಂತೆ ಹುಲ್ಲಿನ ಮೂಟೆ ಆನಿಸಿ, ಇಲ್ಲವಾದರೆ ಹೊಟ್ಟೆ ಉಬ್ಬರಿಸಿ ಸಾಯುತ್ತದೆ. ಕೆಳಗೆ ಹುಲ್ಲು ಹಾಸಿ. ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಯಾಕೆಂದರೆ ಆ ಭಾರಕ್ಕೆ ಅರ್ಧ ದಿನದಲ್ಲೇ ತೊಡೆಯ ಮಾಂಸಖಂಡ ಜಜ್ಜಿಹೋಗಿ, ಕ್ಯಾಲ್ಸಿಯಂ ಸರಿಹೋದ ಮೇಲೂ ಹಸು ಏಳದೆ ಉಳಿಯಬಹುದು. ಬಾಯಿಗೆ ಏನನ್ನೂ ಹುಯ್ಯಬೇಡಿ. ನುಂಗುವ ಶಕ್ತಿಯೇ ಇಲ್ಲದ ಹಸುವಿಗೆ ಗೊಟ್ಟದಲ್ಲಿ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ, ಹಾಲು ಜ್ವರದಿಂದ ಉಳಿದ ಹಸು ನ್ಯುಮೋನಿಯಾದಿಂದ ಹೋಗುತ್ತದೆ.

ಈಗ ಎರಡು ವಾರದ ಮೇಲಿನ ಕಥೆ. ಹಿಂಡಿ ಬೇಡ, ಹುಲ್ಲು ಬೇಕು, ಹಾಲು ಇಳಿದಿದೆ. ಜ್ವರ ಇಲ್ಲ ಅಂದರೆ ಇದು ಬಹುತೇಕ ಕೀಟೋಸಿಸ್. ಹಾಲಿಗೆ ಬೇಕಾದ ಶಕ್ತಿ ಮೇವಿನಿಂದ ಸಾಲದೇ ಹಸು ತನ್ನ ಮೈಯ ಕೊಬ್ಬನ್ನು ಕರಗಿಸಲು ಶುರು ಮಾಡುತ್ತದೆ. ಅಷ್ಟು ಕೊಬ್ಬನ್ನು ಒಟ್ಟಿಗೆ ಸುಡಲು ಪಿತ್ತಜನಕಾಂಗಕ್ಕೆ ಆಗುವುದಿಲ್ಲ, ಅರ್ಧಂಬರ್ಧ ಸುಟ್ಟದ್ದು ಕೀಟೋನ್ ಆಗಿ ರಕ್ತ, ಹಾಲು, ಗಂಜಲ ಎಲ್ಲದರಲ್ಲೂ ಸೇರುತ್ತದೆ. ಕೀಟೋನ್ ಜಾಸ್ತಿಯಾದಷ್ಟೂ ಹಸಿವು ಸಾಯುತ್ತದೆ, ಹಸಿವು ಸತ್ತಷ್ಟೂ ಕೊಬ್ಬು ಕರಗುತ್ತದೆ. ಬಾಯಿ ಹತ್ತಿರ ಮೂಸಿದರೆ ಉಗುರಿನ ಬಣ್ಣ ತೆಗೆಯುವ ದ್ರವದಂಥ ಸಿಹಿ ಘಾಟು ಬರುತ್ತದೆ (ಕೆಲವರಿಗೆ ಆ ವಾಸನೆ ಗೊತ್ತೇ ಆಗುವುದಿಲ್ಲ, ಗಾಬರಿ ಬೇಡ). ಡೈರಿಯ ಚೀಟಿ ತೆಗೆದು ನೋಡಿ. ಹಾಲು ಇಳಿಯುತ್ತಾ ಫ್ಯಾಟ್ ಮಾತ್ರ ಏರಿದ್ದರೆ ಅದೂ ಒಂದು ಸುಳಿವು, ಕರಗಿದ ಕೊಬ್ಬು ಹಾಲಿಗೆ ಬರುತ್ತಿರುತ್ತದೆ. ಸಕ್ಕರೆ ಕಾಯಿಲೆಯವರಿಗಾಗಿ ಮೆಡಿಕಲ್ ಶಾಪಿನಲ್ಲಿ ಸಿಗುವ ಕೀಟೋನ್ ಪಟ್ಟಿಯನ್ನು ಹಸುವಿನ ಗಂಜಲಕ್ಕೆ ಅದ್ದಿದರೂ ಬಣ್ಣ ಬದಲಾಗುತ್ತದೆ.

ಇದಕ್ಕೆ ಡಾಕ್ಟರು ನರಕ್ಕೆ ಡೆಕ್ಸ್‌ಟ್ರೋಸ್ ಕೊಡುತ್ತಾರೆ. ಆದರೆ ಅದು ಕೆಲವೇ ಗಂಟೆಗಳ ಆಟ. ಮುಂದಿನ ನಾಲ್ಕೈದು ದಿನ ಬಾಯಿಯ ಮೂಲಕ ಪ್ರೊಪಿಲೀನ್ ಗ್ಲೈಕಾಲ್, ದಿನಕ್ಕೆ 300 ಮಿಲಿ ಸುಮಾರು, ಕೊಟ್ಟರೆ ನಿಲ್ಲುತ್ತದೆ. ಅಳತೆಯನ್ನು ನಿಮ್ಮ ಡಾಕ್ಟರ ಹತ್ತಿರ ಖಾತ್ರಿ ಮಾಡಿಕೊಳ್ಳಿ. ಮಂಡ್ಯದವರಿಗೆ ಬೆಲ್ಲ ಬಿಟ್ಟರೆ ಬೇರೆ ಔಷಧ ಕಾಣುವುದಿಲ್ಲ ಎಂದು ನನಗೆ ಗೊತ್ತು. ಆದರೆ ಬೆಲ್ಲ ಇಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಹಸು ತಿಂದ ಸಕ್ಕರೆ ಸಕ್ಕರೆಯಾಗಿ ರಕ್ತಕ್ಕೆ ಹೋಗುವುದಿಲ್ಲ, ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಹುಳಿಸುತ್ತವೆ, ಅದರಿಂದ ಬರುವ ಬ್ಯೂಟಿರೇಟ್ ಎಂಬ ಆಮ್ಲವೇ ಮತ್ತೆ ಕೀಟೋನ್ ಆಗುತ್ತದೆ. ಕೆಜಿಗಟ್ಟಲೆ ತಿನ್ನಿಸಿದರೆ ಹೊಟ್ಟೆ ಹುಳಿಯಾಗಿ ಹೊಸದೊಂದು ಕಾಯಿಲೆ. ಹಿಂಡಿಗೆ ರುಚಿ ಬರಲಿ ಎಂದು ಒಂದು ಹಿಡಿ ಬೆರೆಸಿ, ಅಷ್ಟು ಸಾಕು.

ಹಾಲು ಜ್ವರಕ್ಕೂ ಕೀಟೋಸಿಸ್‌ಗೂ ನಂಟಿದೆಯಾ ಎಂದರೆ ಇದೆ. ಕ್ಯಾಲ್ಸಿಯಂ ಕಡಿಮೆಯಾದ ಹಸುವಿನ ಹೊಟ್ಟೆ ಸರಿಯಾಗಿ ಆಡುವುದಿಲ್ಲ, ತಿನ್ನುವುದು ಕಡಿಮೆಯಾಗುತ್ತದೆ, ಅಲ್ಲಿಂದ ಕೀಟೋಸಿಸ್. ಅಷ್ಟೇ ಅಲ್ಲ. ಕರೆದಾದ ಮೇಲೆ ಮೊಲೆ ತೊಟ್ಟಿನ ತೂತು ಮುಚ್ಚಿಕೊಳ್ಳುವುದು ಸ್ನಾಯುವಿನ ಕೆಲಸ, ಸ್ನಾಯುವಿಗೆ ಕ್ಯಾಲ್ಸಿಯಂ ಬೇಕು. ಅದು ಸಡಿಲವಾಗಿ ತೆರೆದೇ ಇದ್ದು, ಹಸು ಸಗಣಿ ಗಂಜಲದ ಮೇಲೆ ಮಲಗಿದರೆ ಕೆಚ್ಚಲು ಬಾವು ಖಂಡಿತ. ಗರ್ಭಕೋಶ ಸರಿಯಾಗಿ ಹಿಂಡದಿದ್ದರೆ ಕಸ (ಮಾಸು) ಬೀಳುವುದಿಲ್ಲ, ಒಳಗೆ ಕೊಳೆಯುತ್ತದೆ. ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಿಗೂ ಕ್ಯಾಲ್ಸಿಯಂ ಬೇಕು. ಅಂದರೆ ಮೇವಿನ ಲೆಕ್ಕ ತಪ್ಪಿ ಬಂದ ಕಾಯಿಲೆಯೇ ಸೋಂಕಿಗೆ ಬಾಗಿಲು ತೆಗೆದುಕೊಡುತ್ತದೆ. ಇದಕ್ಕೆ ಹಸು ನೆಲಕ್ಕೆ ಬೀಳಲೇಬೇಕು ಅಂತಿಲ್ಲ. ಅಮೆರಿಕದ ಡೈರಿಗಳಲ್ಲಿ ಕರು ಹಾಕಿದ ಹಸುಗಳ ರಕ್ತ ಪರೀಕ್ಷೆ ಮಾಡಿದಾಗ ಮೂರನೇ ಸೂಲಿನವುಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ ಹಸುಗಳಿಗೆ ಕ್ಯಾಲ್ಸಿಯಂ ಕಡಿಮೆ ಇತ್ತು, ನೋಡಲು ಎಲ್ಲವೂ ಚೆನ್ನಾಗಿಯೇ ನಿಂತಿದ್ದವು.

ಇನ್ನು ಪಕ್ಕದ ಮನೆಯ ಹಸು. ಕಾಯಿಲೆ ಯಾವುದೆಂದು ರಕ್ತ ನೋಡದೆ ಖಚಿತವಾಗಿ ಹೇಳಲು ಬರುವುದಿಲ್ಲ, ಆದರೆ ಕ್ರಾಸ್ ಹಸು, ಜೋರು ಜ್ವರ, ಭುಜದ ಮುಂದಿನ ಗೆಡ್ಡೆ, ವಾರದೊಳಗೆ ಸಾವು ಅಂದರೆ ನನ್ನ ಮೊದಲ ಅನುಮಾನ ಥೈಲೇರಿಯಾ ಮೇಲೆ. ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ ಹುಳುವಿನಿಂದ ಬರುವ ರಕ್ತದ ಪರಾವಲಂಬಿ ಇದು. ಜ್ವರ 104ರಿಂದ 106ರವರೆಗೆ ಏರುತ್ತದೆ, ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ, ಉಸಿರಾಟ ಜೋರಾಗುತ್ತದೆ. ನಾಟಿ ಹಸುಗಳು ತಡೆದುಕೊಳ್ಳುತ್ತವೆ, ಕ್ರಾಸ್ ಹಸುಗಳು ಸಾಯುತ್ತವೆ. ಒಮ್ಮೆ ಬಂದು ವಾಸಿಯಾದ ಹಸುವಿನ ರಕ್ತದಲ್ಲೂ ಅದು ಅಡಗಿ ಕೂತಿರುತ್ತದೆ, ಕರು ಹಾಕಿದ ಆಯಾಸಕ್ಕೆ ಮತ್ತೆ ಎದ್ದೇಳುತ್ತದೆ. ಬುಪಾರ್ವಾಕ್ವೋನ್ ಎಂಬ ಇಂಜೆಕ್ಷನ್ ಇದೆ, ಬೆಲೆ ಜಾಸ್ತಿ, ಆದರೆ ಮೊದಲೆರಡು ದಿನದಲ್ಲೇ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ರಕ್ತ ಪೂರ್ತಿ ಇಳಿದ ಮೇಲೆ ಕೊಟ್ಟರೆ ದುಡ್ಡೂ ಹೋಗುತ್ತದೆ, ಹಸುವೂ ಹೋಗುತ್ತದೆ.

ಇದು ಒಂದು ಹಸುವಿನಿಂದ ಇನ್ನೊಂದಕ್ಕೆ ಮೂಸಿದರೆ, ಮುಟ್ಟಿದರೆ ಬರುವುದಿಲ್ಲ. ಉಣ್ಣೆ ದಾಟಿದರೆ ಬರುತ್ತದೆ. ಹಾಗಾಗಿ ನೀವು ಮಾಡಬೇಕಾದ ಕೆಲಸ ಹಸುವನ್ನು ಬೇರೆ ಕಟ್ಟುವುದಲ್ಲ, ಟಾರ್ಚ್ ಹಿಡಿದು ಕೊಟ್ಟಿಗೆಯ ಗೋಡೆ ನೋಡುವುದು. ಈ ಜಾತಿಯ ಉಣ್ಣೆ ಹಸುವಿನ ಮೈಮೇಲಿಂದ ಇಳಿದು ಗೋಡೆಯ ಬಿರುಕು, ಗೊಂತಿನ ಸಂದಿಗಳಲ್ಲಿ ಅಡಗಿ ಮೊಟ್ಟೆ ಇಡುತ್ತದೆ. ಮೈಗೆ ಮಾತ್ರ ಔಷಧ ಹೊಡೆದು ಗೋಡೆ ಬಿಟ್ಟರೆ ತಿಂಗಳಿಗೆ ಮತ್ತೆ ಅಷ್ಟೇ. ಬಿರುಕುಗಳಿಗೆ ಸಿಮೆಂಟ್ ಮೆತ್ತಿ, ಸುಣ್ಣ ಬಳಿಯಿರಿ, ಡಾಕ್ಟರು ಹೇಳಿದ ಔಷಧವನ್ನು ಮೈಗೂ ಗೋಡೆಗೂ ಒಂದೇ ದಿನ ಹೊಡೆಯಿರಿ. ಥೈಲೇರಿಯಾಕ್ಕೆ ಲಸಿಕೆಯೂ ಇದೆ, ಕರುಗಳಿಗೆ ಹಾಕಿಸುವ ಬಗ್ಗೆ ಕೇಳಿ ನೋಡಿ. ತುಂಬು ಗಬ್ಬದ ಹಸುವಿಗೆ ಈಗ ಅದು ಬೇಡ.

ಇಷ್ಟೆಲ್ಲ ಹೇಳಿದ್ದರಲ್ಲಿ ನಿಮಗೆ ಒಂದು ಸಾಮಾನು ಎದ್ದು ಕಂಡಿರಬೇಕು, ಥರ್ಮಾಮೀಟರ್. ಹಸು ಸಾಕುವ ಪ್ರತಿ ಮನೆಯಲ್ಲೂ ಅದು ಇರಬೇಕು ಎಂಬುದು ನನ್ನ ಹಠ. ಮನುಷ್ಯರಿಗೆ ಬಳಸುವ ಡಿಜಿಟಲ್ ಥರ್ಮಾಮೀಟರೇ ಸಾಕು, ಸ್ವಲ್ಪ ಎಣ್ಣೆ ಸವರಿ ಗುದದ್ವಾರದಲ್ಲಿ ಒಳಗೋಡೆಗೆ ತಾಗಿಸಿ ಇಡಿ. ಕರು ಹಾಕಿದ ಮೇಲೆ ಹತ್ತು ದಿನ, ದಿನಾ ಬೆಳಿಗ್ಗೆ ನೋಡಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಹಸು ಮಂಕಾಗಿದೆ, ತಿನ್ನುತ್ತಿಲ್ಲ, ಆದರೆ ಜ್ವರ ಇಲ್ಲ ಅಂದರೆ ಮೇವು, ಖನಿಜದ ಕಡೆ ನೋಡಬೇಕು. 103 ದಾಟಿದರೆ ಸೋಂಕಿನ ಕಡೆ ನೋಡಬೇಕು: ಕೆಚ್ಚಲು, ಗರ್ಭಕೋಶ, ಉಣ್ಣೆ, ಗಳಲೆ ರೋಗ, ಚಪ್ಪೆ ರೋಗ. ಕೆಂಪು ಗಂಜಲದ ಉದಾಹರಣೆ ತೆಗೆದುಕೊಳ್ಳಿ. ಕಾಫಿ ಬಣ್ಣದ ಗಂಜಲ, ಜೊತೆಗೆ ಜ್ವರ ಇದ್ದರೆ ಅದು ಉಣ್ಣೆಯಿಂದ ಬರುವ ಬೆಬೀಸಿಯಾ ಇರಬಹುದು. ಅದೇ ಬಣ್ಣ, ಜ್ವರ ಇಲ್ಲ, ಕರು ಹಾಕಿ ಕೆಲವು ವಾರ ಆಗಿದೆ ಅಂದರೆ ರಂಜಕದ ಕೊರತೆಯಿಂದ ರಕ್ತಕಣ ಒಡೆಯುತ್ತಿರಬಹುದು. ಗಂಜಲದ ಬಣ್ಣ ಒಂದೇ, ಔಷಧ ಪೂರ್ತಿ ಬೇರೆ.

ಥರ್ಮಾಮೀಟರ್ ಕೈಕೊಡುವ ಒಂದು ಕಡೆ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕೆಲವು ಕೆಚ್ಚಲು ಬಾವು ವಿಪರೀತ ವಿಷಕಾರಿ. ಮೊದಲು ಜ್ವರ ಏರಿ, ವಿಷ ಮೈಗೆಲ್ಲ ಹರಡಿದ ಮೇಲೆ ಮೈ ತಣ್ಣಗಾಗಿ ಹಸು ಕುಸಿಯುತ್ತದೆ. ನೋಡುವವರಿಗೆ ಥೇಟ್ ಹಾಲು ಜ್ವರ. ಅದಕ್ಕೇ ಬಿದ್ದ ಹಸುವಿನ ನಾಲ್ಕೂ ಮೊಲೆಯಿಂದ ಒಂದೊಂದು ಧಾರೆ ಕರೆದು ಅಂಗೈಯಲ್ಲಿ ನೋಡಲೇಬೇಕು. ಹಾಲಿನ ಬದಲು ತೆಳ್ಳಗೆ ಹಳದಿ ನೀರು ಬಂದರೆ, ಕಣ್ಣು ಗುಳಿ ಬಿದ್ದಿದ್ದರೆ, ಸಗಣಿ ಕಟ್ಟುವ ಬದಲು ಭೇದಿ ಆಗುತ್ತಿದ್ದರೆ, ಡಾಕ್ಟರಿಗೆ ಫೋನಿನಲ್ಲೇ ಇದನ್ನು ಹೇಳಿ. ಇಲ್ಲಿ ಒಂದೊಂದು ಗಂಟೆಗೂ ಬೆಲೆ ಇದೆ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಸುಮ್ನೆ "ಹಸು ಬಿದ್ದಿದೆ" ಅನ್ನುವ ಬದಲು ಕರು ಹಾಕಿ ಎಷ್ಟು ದಿನ, ಮೈಶಾಖ ಎಷ್ಟು, ಹಾಲು ಹೇಗಿದೆ ಎಂದು ಹೇಳಿದರೆ ಅವರು ಬೇಕಾದ ಔಷಧ ಹಿಡಿದೇ ಬರುತ್ತಾರೆ.

ಮುಂದಿನ ತಿಂಗಳು ಕರು ಹಾಕುವ ಹಸುವಿಗೆ ಈಗಿನಿಂದಲೇ ಕ್ಯಾಲ್ಸಿಯಂ ಕುಡಿಸಲೇ ಎಂದು ಕೇಳಿದ್ದೀರಿ. ಬೇಡ. ಮನಸ್ಸಿಗೆ ಒಪ್ಪುವುದಿಲ್ಲ ಗೊತ್ತು, ಕ್ಯಾಲ್ಸಿಯಂ ಕಡಿಮೆಯಾಗಿ ತಾನೇ ಬೀಳುವುದು, ಮೊದಲೇ ಕೊಟ್ಟರೆ ಒಳ್ಳೆಯದಲ್ವಾ ಅನಿಸುತ್ತದೆ. ಆದರೆ ಕೊನೆಯ ಮೂರು ವಾರ ಬಾಯಿಂದ ಬೇಕಾದಷ್ಟು ಬರುತ್ತಿದ್ದರೆ ಆ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮಲಗಿಬಿಡುತ್ತವೆ. ಕರು ಹಾಕಿದ ದಿನ ಅವು ಏಳುವ ಹೊತ್ತಿಗೆ ಹಸು ಬಿದ್ದಿರುತ್ತದೆ. ಆದ್ದರಿಂದ ಕರು ಹಾಕುವ ಮೂರು ವಾರ ಮುಂಚೆ ಕ್ಯಾಲ್ಸಿಯಂ ಟಾನಿಕ್ ನಿಲ್ಲಿಸಿ, ಕುದುರೆ ಮೆಂತ್ಯದಂಥ ಕ್ಯಾಲ್ಸಿಯಂ ಜಾಸ್ತಿ ಇರುವ ಮೇವು ಕಡಿಮೆ ಮಾಡಿ. ಮೆಗ್ನೀಸಿಯಂ ಮಾತ್ರ ತಪ್ಪಬಾರದು, ಅದಿಲ್ಲದೆ ಆ ಗ್ರಂಥಿಗಳ ಮಾತನ್ನು ಮೂಳೆ ಕೇಳುವುದಿಲ್ಲ. ನಿಮ್ಮ ಖನಿಜ ಮಿಶ್ರಣದಲ್ಲಿ ಏನೇನು ಎಷ್ಟಿದೆ ಎಂದು ಡಾಕ್ಟರಿಗೆ ಚೀಲ ತೋರಿಸಿ ಕೇಳಿ.

ಇದಕ್ಕಿಂತ ದೊಡ್ಡ ತಪ್ಪು ನಡೆಯುವುದು ನೇಪಿಯರ್ ಹುಲ್ಲಿನಲ್ಲಿ. ಗಬ್ಬದ ಹಸು ಅಂತ ಪ್ರೀತಿಯಿಂದ ಹಸಿರು ಮೇವು ರಾಶಿ ಹಾಕುತ್ತೇವೆ. ಸಗಣಿ ಗಂಜಲದ ನೀರು ಕುಡಿದು ಬೆಳೆದ ನೇಪಿಯರ್‌ನಲ್ಲಿ ಪೊಟ್ಯಾಸಿಯಂ ತುಂಬಾ ಇರುತ್ತದೆ. ಅದು ರಕ್ತವನ್ನು ಕ್ಷಾರದ ಕಡೆ ತಿರುಗಿಸುತ್ತದೆ, ಆಗ ಮೂಳೆ ಕ್ಯಾಲ್ಸಿಯಂ ಬಿಡುವುದೇ ಇಲ್ಲ. ಕೊನೆಯ ಮೂರು ವಾರ ನೇಪಿಯರ್ ಅರ್ಧಕ್ಕಿಳಿಸಿ, ಒಣಹುಲ್ಲು ಮತ್ತು ಜೋಳದ ಹಸಿರು ಮೇವು ಹೆಚ್ಚಿಸಿ. ದೊಡ್ಡ ಫಾರ್ಮುಗಳಲ್ಲಿ ಇದೇ ಕೆಲಸಕ್ಕೆ ಆಮ್ಲೀಯ ಲವಣ ತಿನ್ನಿಸಿ ಗಂಜಲದ ಪಿಎಚ್ ಅಳೆಯುತ್ತಾರೆ. ಮೂರು ಹಸುವಿನ ಮನೆಗೆ ಅದೆಲ್ಲ ತಲೆನೋವು, ಮೇವು ಬದಲಿಸಿದರೆ ಸಾಕು. ಕರು ಹಾಕಿದ ಮೇಲೆ ಲೆಕ್ಕ ಉಲ್ಟಾ. ಆಗ ಕ್ಯಾಲ್ಸಿಯಂ ಬೇಕು, ಖನಿಜ ಮಿಶ್ರಣ ಬೇಕು. ಭತ್ತದ ಹುಲ್ಲು, ನೇಪಿಯರ್ ಎರಡರಲ್ಲೂ ಆಕ್ಸಲೇಟ್ ಇದ್ದು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಲೆಕ್ಕದಲ್ಲಿ ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ಎಷ್ಟೋ ಮೇಲು. ಬಾಯಿಗೆ ಹಾಕುವ ಕ್ಯಾಲ್ಸಿಯಂ ಜೆಲ್ ಒಂದು ಕರು ಹಾಕಿದ ಕೂಡಲೇ, ಇನ್ನೊಂದು ಅರ್ಧ ದಿನ ಬಿಟ್ಟು. ಹಸು ನಿಂತಿದ್ದರೆ, ನುಂಗುತ್ತಿದ್ದರೆ ಮಾತ್ರ.

ಕೀಟೋಸಿಸ್ ತಪ್ಪಿಸಲು ಹಾಲು ಬತ್ತಿಸಿದ ಎರಡು ತಿಂಗಳಲ್ಲಿ ಹಸು ದಪ್ಪಗಾಗಬಾರದು. ದಪ್ಪ ಹಸು ಕರು ಹಾಕಿದ ಮೇಲೆ ಕಡಿಮೆ ತಿನ್ನುತ್ತದೆ, ಜಾಸ್ತಿ ಕರಗುತ್ತದೆ. ಕೊನೆಯ ಎರಡು ಮೂರು ವಾರದಲ್ಲಿ ಹಿಂಡಿಯನ್ನು ದಿನಾ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಎರಡೂವರೆ, ಮೂರು ಕೆಜಿಗೆ ತನ್ನಿ, ಕರು ಹಾಕಿದ ದಿನವೇ ಒಮ್ಮೆಗೇ ಐದಾರು ಕೆಜಿ ಸುರಿಯಬೇಡಿ.

ಲಸಿಕೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಲಸಿಕೆ ಹಾಕಿಸಿದರೆ ಹಾಲು ಇಳಿಯುತ್ತದೆ ಎಂದು ಕಾಲುಬಾಯಿ ರೋಗದ ಲಸಿಕೆ ತಪ್ಪಿಸುವವರು ಎಲ್ಲ ಊರಲ್ಲೂ ಇದ್ದಾರೆ. ಇಳಿಯುವುದು ಎರಡು ಮೂರು ದಿನ. 2013ರಲ್ಲಿ ನಮ್ಮ ರಾಜ್ಯದಲ್ಲಿ ಆ ರೋಗ ಬಂದಾಗ ಏನಾಯಿತು ಎಂದು ಕೋಲಾರ, ರಾಮನಗರದ ಕಡೆಯವರನ್ನು ಕೇಳಿ. ಆರು ತಿಂಗಳಿಗೊಮ್ಮೆ ಹಾಕಿಸಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಬ್ರುಸೆಲ್ಲಾ (ಗರ್ಭಪಾತ ತರುವ ಸೋಂಕು) ಲಸಿಕೆ ಜೀವಮಾನಕ್ಕೊಮ್ಮೆ, ಅದನ್ನೂ ಬಿಡಬೇಡಿ. ಬ್ರುಸೆಲ್ಲಾ ಮನುಷ್ಯರಿಗೂ ಬರುತ್ತದೆ, ಹಾಗಾಗಿ ಕಸ ಎತ್ತುವಾಗ ಕೈಗವಸು ಇಲ್ಲದೆ ಮುಟ್ಟಬೇಡಿ, ಒಳಗೆ ಕೈ ಹಾಕಿ ಎಳೆಯಲೇಬೇಡಿ.

ನಿಮ್ಮ ಕುರಿಗಳಲ್ಲೂ ಇದೇ ಲೆಕ್ಕ, ಸ್ವಲ್ಪ ಹಿಂದುಮುಂದು. ಅವಳಿ ಮರಿ ಹೊತ್ತ ಕುರಿಗೆ ಕೀಟೋಸಿಸ್ ಮರಿ ಹಾಕುವ ಮುಂಚಿನ ತಿಂಗಳಲ್ಲೇ ಬರುತ್ತದೆ, ಆಗ ಸ್ವಲ್ಪ ಕಾಳು ಕೊಡಿ. ಮಳೆ ಬಿದ್ದು ಎಳೆ ಹುಲ್ಲು ಚಿಗುರಿದಾಗ ಚೆನ್ನಾಗಿದ್ದ ಕುರಿ ಬೆಳಗಾಗುವಷ್ಟರಲ್ಲಿ ಸತ್ತಿದ್ದರೆ ಕರುಳು ಬೇನೆಯ ಅನುಮಾನ, ಅದಕ್ಕೆ ಮಳೆಗಾಲಕ್ಕೆ ಮುಂಚೆಯೇ ಲಸಿಕೆ ಇದೆ. ಹಾಗೆ ಹಠಾತ್ ಸತ್ತ ಪ್ರಾಣಿಯ ಮೂಗು, ಬಾಯಿಯಿಂದ ರಕ್ತ ಸೋರುತ್ತಿದ್ದರೆ ಮಾತ್ರ ಕುಯ್ಯಬೇಡಿ, ಚರ್ಮ ಸುಲಿಯಬೇಡಿ, ಆಸ್ಪತ್ರೆಗೆ ತಿಳಿಸಿ. ಆಂಥ್ರಾಕ್ಸ್ ಇರಬಹುದು.

ಕೊನೆಗೆ ಹಾಲಿನ ವಿಷಯ. ಕ್ಯಾಲ್ಸಿಯಂ, ಡೆಕ್ಸ್‌ಟ್ರೋಸ್ ಕೊಟ್ಟ ಹಸುವಿನ ಹಾಲನ್ನು ಕಾಯಿಸಿ ಧಾರಾಳವಾಗಿ ಕುಡಿಯಿರಿ, ಡೈರಿಗೂ ಹಾಕಿ. ಆಂಟಿಬಯೋಟಿಕ್ ಇಂಜೆಕ್ಷನ್ ಅಥವಾ ಕೆಚ್ಚಲಿಗೆ ಟ್ಯೂಬ್ ಹಾಕಿಸಿದ್ದರೆ ಅದರ ಡಬ್ಬಿಯ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಎಂದು ಬರೆದಿರುತ್ತದೆ. ಅಷ್ಟು ದಿನ ನಾಲ್ಕೂ ಮೊಲೆಯ ಹಾಲನ್ನು ಚೆಲ್ಲಬೇಕು, ಒಂದೇ ಮೊಲೆಗೆ ಟ್ಯೂಬ್ ಹಾಕಿದ್ದರೂ ಸರಿ.